ಕಥೆ ಗೊತ್ತುಂಟು, ಪುಸ್ತಕ ಓದಿಲ್ಲ

ಕಳೆದ ನವೆಂಬರಿನಲ್ಲಿ ನಮ್ಮ ಅಪಾರ್ಟ್‌ಮೆಂಟಿನವರು ರಾಜ್ಯೋತ್ಸವಕ್ಕೆ ಅಂತ ಒಂದು ಸಣ್ಣ ಕ್ವಿಜ್ ಇಟ್ಟಿದ್ರು. ಮಂಗಳೂರಿನ ಅಪಾರ್ಟ್‌ಮೆಂಟು ಅಂದ್ಮೇಲೆ ಗೊತ್ತಲ್ಲ, ಅರ್ಧ ಜನರ ಮನೆಮಾತು ತುಳು, ಮತ್ತೆ ಕೊಂಕಣಿ, ಬ್ಯಾರಿ, ಮಲಯಾಳ, ನಮ್ಮಂಥ ಕುಂದಾಪ್ರ ಕನ್ನಡದವರು ಒಂದೆರಡು ಮನೆ, ಆದ್ರೆ ನವೆಂಬರ್ ಒಂದಕ್ಕೆ ಎಲ್ಲರದ್ದೂ ಕನ್ನಡವೇ. ಪ್ರಶ್ನೆ ಕೇಳುವ ಕೆಲಸ ನನ್ನ ತಲೆಗೆ ಬಂತು. "ಕನ್ನಡದ ಮೊದಲ ಸಾಮಾಜಿಕ ಕಾದಂಬರಿ..." ಅಂತ ಶುರು ಮಾಡುವಷ್ಟರಲ್ಲಿ ಎಲ್ಲಾ ಟೀಮಿನವರ ಕೈಯೂ ಮೇಲೆ. ಇಂದಿರಾಬಾಯಿ. ಬರೆದವರು? ಗುಲ್ವಾಡಿ ವೆಂಕಟರಾಯರು. ವರ್ಷ? 1899. ಅಚ್ಚಾದದ್ದು ಎಲ್ಲಿ? ನಮ್ಮದೇ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ. ಎಂಟನೇ ಕ್ಲಾಸಿನ ಹುಡುಗ ಕೂಡ ಪಟಪಟ ಹೇಳಿಬಿಟ್ಟ. ಆಮೇಲೆ ಚಾ ಗೋಳಿಬಜೆ ಹೊತ್ತಿಗೆ ನಾನು ಸುಮ್ಮನೆ ಮಾತಿಗೆ ಕೇಳಿದೆ, "ಅಲ್ಲಾ, ಆ ಇಂದಿರಾಬಾಯಿಗೆ ಕೊನೆಗೆ ಎಂತ ಆಗ್ತದೆ?" ಯಾರಿಗೂ ಗೊತ್ತಿಲ್ಲ. ಒಬ್ಬರು "ಸಾಯ್ತಾಳೆ ಅಲ್ವಾ?" ಅಂದ್ರು, ಹಳೇ ಕಾದಂಬರಿಯ ಹೆಂಗಸು ಅಂದ್ರೆ ಸಾಯ್ಲೇಬೇಕು ಅನ್ನುವ ಅಂದಾಜಿನ ಮೇಲೆ.

ಸಾಯುವುದಿಲ್ಲ ಮಾರಾಯ್ರೆ. ಚಿಕ್ಕ ಪ್ರಾಯದಲ್ಲೇ ಗಂಡ ಸತ್ತ ಹುಡುಗಿ, ಸಂತರು ಅಂತ ಹೇಳಿಕೊಂಡು ಮನೆ ಹೊಕ್ಕವರ ಕೈಯಿಂದ ತಪ್ಪಿಸಿಕೊಂಡು ಹೊರಗೆ ಬರ್ತಾಳೆ, ಅಮೃತರಾಯರ ಮನೆಯಲ್ಲಿ ಆಸರೆ ಸಿಗ್ತದೆ, ಓದ್ತಾಳೆ, ಇಂಗ್ಲೆಂಡಿಗೆ ಹೋಗಿ ಕಲಿತು ಬಂದ ಭಾಸ್ಕರರಾಯನನ್ನು ಮದುವೆ ಆಗ್ತಾಳೆ. 1899ರಲ್ಲಿ! ಬರೆದವರು ಪೊಲೀಸ್ ಇಲಾಖೆಯಲ್ಲಿ ಇದ್ದವರು, ಕಳ್ಳಸಂತರ ಬಗ್ಗೆ ಬರೆಯುವಾಗ ಅವರ ಕೈ ಎಷ್ಟು ಖುಷಿಯಿಂದ ಓಡ್ತದೆ ಅಂದ್ರೆ, ಇವರಿಗೆ ಇದೆಲ್ಲ ಕಲ್ಪನೆ ಮಾಡ್ಲಿಕ್ಕೆ ಕಷ್ಟವೇ ಆಗಿರ್ಲಿಕ್ಕಿಲ್ಲ ಅಂತ ಅನ್ನಿಸ್ತದೆ. ಪುಸ್ತಕದ ಪೂರ್ತಿ ಹೆಸರು 'ಇಂದಿರಾಬಾಯಿ ಅಥವಾ ಸದ್ಧರ್ಮವಿಜಯವು'. ಆ "ಅಥವಾ" ನಂತರದ್ದು ಕ್ವಿಜ್ಜಿನಲ್ಲಿ ಬರುವುದಿಲ್ಲ, ಹಾಗಾಗಿ ಯಾರಿಗೂ ಗೊತ್ತಿಲ್ಲ. ಓದ್ಲಿಕ್ಕೆ ಸಲೀಸು ಅಂತ ನಾನು ಹೇಳುವುದಿಲ್ಲ. ಕೆಲವು ಕಡೆ ಉಪದೇಶ ಜಾಸ್ತಿ, ಒಳ್ಳೆಯವರು ತುಂಬಾ ಒಳ್ಳೆಯವರು, ಕೆಟ್ಟವರು ಪೂರ್ತಿ ಕೆಟ್ಟವರು. ಆದರೂ ನಮ್ಮ ಊರಿನಲ್ಲೇ ಹುಟ್ಟಿದ ಪುಸ್ತಕ, ನಮ್ಮ ಊರಿನವರಿಗೆ ಅದರ ಇಸವಿ ಗೊತ್ತುಂಟು, ಪ್ರೆಸ್ಸು ಗೊತ್ತುಂಟು, ಅದರ ಹುಡುಗಿ ಬದುಕಿದಳಾ ಸತ್ತಳಾ ಗೊತ್ತಿಲ್ಲ. ಇದು ನನ್ನ ತಲೆಯಲ್ಲಿ ಕೊರೀತಾ ಉಂಟು.

ಯಾಕಂದ್ರೆ ನಾವು ಸಾಮಾನ್ಯವಾಗಿ ಹೇಳುವ ಕಾರಣ ಬೇರೆ. ಟೈಮಿಲ್ಲ, ಮೊಬೈಲು, ಕೆಲಸ, ಮಕ್ಕಳ ಪರೀಕ್ಷೆ. ಇದೆಲ್ಲ ಹೌದೇ ಹೌದು, ಆದ್ರೆ ಇದು ಎಲ್ಲಾ ಪುಸ್ತಕಕ್ಕೂ ಅನ್ವಯ ಆಗುವ ಕಾರಣ, ದೊಡ್ಡ ಹೆಸರಿನ ಪುಸ್ತಕಕ್ಕೆ ಮಾತ್ರ ಅಲ್ಲ. ಹೆಸರಿಲ್ಲದ ಪತ್ತೇದಾರಿ ಕಾದಂಬರಿಯನ್ನು ಮಂಗಳೂರಿಂದ ಉಡುಪಿಗೆ ಹೋಗುವ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ನಿಂತುಕೊಂಡೇ ಓದಿದವರನ್ನು ನಾನು ನೋಡಿದ್ದೇನೆ. ದೊಡ್ಡ ಪುಸ್ತಕ ಓದದೇ ಇರುವುದಕ್ಕೆ ಬೇರೆಯೇ ಒಂದು ಕಾರಣ ಉಂಟು ಅಂತ ನನ್ನ ವಾದ: ಅದು ನಮಗೆ ಆಗ್ಲೇ ಗೊತ್ತುಂಟು. ಗೊತ್ತುಂಟು ಅಂತ ನಮಗೆ ಅನ್ನಿಸ್ತದೆ. ಗೊತ್ತಿಲ್ಲದ್ದರ ಕಡೆಗೆ ಮನುಷ್ಯ ಕೈ ಚಾಚ್ತಾನೆ, ಗೊತ್ತಿರುವುದಕ್ಕೆ ಯಾಕೆ ಚಾಚ್ಬೇಕು?

ಪಾಠ ಮುಗಿದಲ್ಲಿಗೆ ಕಥೆ ಶುರು

ಇದನ್ನು ಮೊದಲು ಕಲಿಸಿದ್ದು ಶಾಲೆಯೇ ಇರ್ಬೇಕು. ಮುದ್ದಣ ಮನೋರಮೆಯರ ಸಲ್ಲಾಪ ಓದದೆ ನಮ್ಮ ಕಾಲದಲ್ಲಿ ಯಾರೂ ಹೈಸ್ಕೂಲು ದಾಟ್ಲಿಲ್ಲ. "ಪದ್ಯಂ ವಧ್ಯಂ, ಗದ್ಯಂ ಹೃದ್ಯಂ" ಅಂತ ಇವತ್ತಿಗೂ ಯಾರಾದ್ರೂ ಶುರು ಮಾಡಿದ್ರೆ ಪಕ್ಕದವರು ಮುಗಿಸ್ತಾರೆ. ಗಂಡ ಹೆಂಡತಿ ಮಳೆಗಾಲದಲ್ಲಿ ಕೂತು ಮಾತಾಡ್ತಾರೆ, ಹೆಂಡತಿ ಒಂದು ಕಥೆ ಹೇಳು ಅಂತಾಳೆ, ಯಾವ ಕಥೆ, ಹೇಗೆ ಹೇಳ್ಬೇಕು ಅಂತ ಚರ್ಚೆ ಆಗ್ತದೆ, ಕೊನೆಗೆ ರಾಮಾಶ್ವಮೇಧ ಅಂತ ತೀರ್ಮಾನ ಆಗ್ತದೆ, ಅಲ್ಲಿಗೆ ಪಾಠ ಮುಗೀತದೆ. ನೋಡಿ, ಕಥೆ ಶುರುವಾಗುವ ಜಾಗದಲ್ಲಿ ಪಾಠ ಮುಗೀತದೆ! ಅದರ ಮುಂದೆ ಒಂದು ಇಡೀ ಗ್ರಂಥ ಉಂಟು, ಕುದುರೆ ಹೋಗ್ತದೆ, ಯುದ್ಧ ಆಗ್ತದೆ, ಲವ ಕುಶರು ಬರ್ತಾರೆ, ನಡುನಡುವೆ ಮನೋರಮೆ ಬಾಯಿ ಹಾಕಿ ಗಂಡನನ್ನು ಕೆಣಕ್ತಾನೇ ಇರ್ತಾಳೆ ಅನ್ನುವುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು. ನಾವು ಬಾಗಿಲಲ್ಲಿ ಕೂತು ಮಾತಾಡಿದ ಮಾತನ್ನೇ ಮನೆ ಅಂದುಕೊಂಡಿದ್ದೇವೆ.

ಉಡುಪಿಯವರಿಗಂತೂ ಇದು ಜಾಸ್ತಿ ತಾಗ್ಬೇಕು. ಮುದ್ದಣ, ಅಂದ್ರೆ ನಂದಳಿಕೆ ಲಕ್ಷ್ಮೀನಾರಾಯಣಪ್ಪ, ಉಡುಪಿಯಲ್ಲಿ ಶಾಲೆಯ ಡ್ರಿಲ್ ಮಾಸ್ತರಾಗಿದ್ದವರು. 1870ರಲ್ಲಿ ಹುಟ್ಟಿ 1901ರಲ್ಲಿ ಕ್ಷಯದಲ್ಲಿ ತೀರಿಹೋದ್ರು, ಮೂವತ್ತೊಂದು ವರ್ಷ ಅಷ್ಟೆ. ಬರೆದದ್ದನ್ನು ತನ್ನದು ಅಂತ ಹೇಳ್ಲಿಕ್ಕೆ ಕೂಡ ಸಂಕೋಚ, ಹಳೇ ಕವಿಯ ಕೃತಿ ಸಿಕ್ಕಿದೆ ಅನ್ನುವ ಹಾಗೆ ಮೈಸೂರಿಗೆ ಕಳಿಸಿದ ಮನುಷ್ಯ. ಇದೇ ಮುದ್ದಣ ಬರೆದ ಯಕ್ಷಗಾನ ಪ್ರಸಂಗ 'ಕುಮಾರವಿಜಯ' ಉಂಟಲ್ಲ, ಅದರ ಆಟ ಇದ್ರೆ ನಮ್ಮ ಜನ ರಾತ್ರಿ ಹೋಗಿ ಕೂರ್ತಾರೆ. ಗದ್ಯವೇ ಹೃದ್ಯ ಅಂತ ಬರೆದವನ ಪದ್ಯ ಇನ್ನೂ ಕುಣೀತಾ ಉಂಟು, ಗದ್ಯ ಪಠ್ಯಪುಸ್ತಕದ ಮೂರ್ನಾಲ್ಕು ಪುಟದಲ್ಲಿ ನಿಂತಿದೆ. ನಗು ಬರ್ತದೆ, ಬೇಜಾರೂ ಆಗ್ತದೆ.

ಸ್ಟೇಟಸ್ಸಿನ ಮದುಮಗಳು

ಇನ್ನೊಂದು ಉಂಟು, ಫಾರ್ವರ್ಡು. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಮೊದಲಿಗೆ ಬರುವ ಆ ಸಾಲುಗಳು, "ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ, ಯಾವುದೂ ಯಃಕಶ್ಚಿತವಲ್ಲ!", ಡಿಸೆಂಬರ್ 29 ಬಂತು ಅಂದ್ರೆ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಇದಿಲ್ಲದ ಕಾಂಟ್ಯಾಕ್ಟೇ ಇಲ್ಲ. ನಮ್ಮ ಆಫೀಸಿನ ಬೀಳ್ಕೊಡುಗೆಯಲ್ಲಿ ಒಬ್ಬರು ಮ್ಯಾನೇಜರು ಇದನ್ನು ಹೇಳಿ ಭಾಷಣ ಮುಗಿಸಿದ್ರು, ಒಳ್ಳೆಯದೇ ಆಯ್ತು, ಚಪ್ಪಾಳೆಯೂ ಬಿತ್ತು. ಸಾಲು ಎಷ್ಟು ಚೆನ್ನಾಗಿದೆ ಅಂದ್ರೆ ಅದನ್ನು ಓದಿದ್ರೆ ಕಾದಂಬರಿಯೇ ಓದಿದ ತೃಪ್ತಿ ಸಿಕ್ಕಿಬಿಡ್ತದೆ, ಅದೇ ಅದರ ದೋಷ. ಏಳುನೂರು ಪುಟದ ಆಸುಪಾಸಿನ ಪುಸ್ತಕವನ್ನು ಅದರ ಹೊಸ್ತಿಲೇ ತಡೆದು ನಿಲ್ಲಿಸಿದ ಹಾಗಾಗಿದೆ.

ನಾನು ಆ ಪುಸ್ತಕ ಕೊಂಡದ್ದು ಮಂಗಳೂರಿನ ಅತ್ರಿ ಬುಕ್ ಸೆಂಟರಿನಲ್ಲಿ. ಅಂಗಡಿ 2012ರಲ್ಲಿ ಬಾಗಿಲು ಹಾಕಿತು, ಪುಸ್ತಕ ನನ್ನ ಕಪಾಟಿನಲ್ಲಿ ಅದಕ್ಕೂ ಬಹಳ ಮೊದಲಿಂದ ಇತ್ತು, ಅದಾದ ಮೇಲೂ ಬಹಳ ವರ್ಷ ಹಾಗೇ ಇತ್ತು, ಶೋಕೇಸಿನಲ್ಲಿ ನೆಂಟರು ಬಂದಾಗ ತೆಗೆಯುವ ಪಿಂಗಾಣಿ ಸೆಟ್ಟಿನ ಹಾಗೆ. ಕೊನೆಗೆ ಓದಿಸಿದ್ದು ಕಾಲು ನೋವು. ಡಾಕ್ಟರು ಹಾಸಿಗೆಯಿಂದ ಏಳ್ಬೇಡಿ ಅಂದ್ರು, ಮೊಬೈಲು ನೋಡಿ ನೋಡಿ ಕಣ್ಣು ಉರೀಲಿಕ್ಕೆ ಶುರುವಾಯ್ತು, ಕೈಗೆ ಸಿಕ್ಕಿದ್ದು ಇದು.

ಓದ್ಲಿಕ್ಕೆ ಕೂತ್ರೆ ಮೊದಲು ಸಿಗುವುದು ಯಾರು? ನಾಯಿಗುತ್ತಿ ಮತ್ತೆ ಅವನ ನಾಯಿ ಹುಲಿಯ. ತತ್ವ ಗಿತ್ವ ಎಂತದ್ದೂ ಇಲ್ಲ, ಒಬ್ಬ ಆಳು, ಒಂದು ನಾಯಿ, ಕಾಡು ದಾರಿ. ಆಮೇಲೆ ಸ್ವಲ್ಪ ಮುಂದೆ ಹೋದ ಹಾಗೆ ನನಗೆ ಗಕ್ಕನೆ ಎದ್ದು ಕೂತ ಹಾಗಾದದ್ದು ಐತ, ಪಿಂಚಲು, ಚೀಂಕ್ರ ಅನ್ನುವ ಹೆಸರುಗಳು ಬಂದಾಗ. ಅರೆ, ಇದು ನಮ್ಮ ಕಡೆಯ ಹೆಸರಲ್ವಾ! ಘಟ್ಟದ ಕೆಳಗಿನಿಂದ ದುಡಿಮೆಗೆ ಅಂತ ಮೇಲೆ ಹತ್ತಿದವರು. ತೀರ್ಥಹಳ್ಳಿ ಕಡೆಯ ಹೆಗ್ಗಡೆ ಗೌಡರ ಕಥೆ ಅಂತ ಜೀವಮಾನ ಇಡೀ ಕೇಳಿದ್ದೇನೆ, ಪ್ರಕೃತಿ ವರ್ಣನೆ ಅಂತ ಕೇಳಿದ್ದೇನೆ, ಮಲೆನಾಡು ಮಲೆನಾಡು ಅಂತ ಕೇಳಿದ್ದೇನೆ. ನಮ್ಮ ತುಳುನಾಡಿನ ಬಡಪಾಯಿಗಳು ಆಗುಂಬೆಯ ಆಚೆ ಹೋಗಿ ಬಿಡಾರ ಹಾಕಿಕೊಂಡು, ಅಲ್ಲಿನವರ ಬಾಯಲ್ಲಿ ಹಗುರವಾಗಿ ಮಾತಾಡಿಸಿಕೊಂಡು, ಅದರ ನಡುವೆ ಐತ ಪಿಂಚಲು ಅಷ್ಟು ಚೆಂದ ಸಂಸಾರ ಮಾಡ್ತಾರೆ ಅಂತ ನನಗೆ ಒಬ್ಬರೂ ಹೇಳ್ಲಿಲ್ಲ. ಯಾರೂ ಅಮುಖ್ಯರಲ್ಲ ಅನ್ನುವ ಸಾಲನ್ನು ಸಾವಿರ ಸಲ ಫಾರ್ವರ್ಡ್ ಮಾಡಿದ ಮಂಗಳೂರಿನವರಿಗೆ ಆ ಅಮುಖ್ಯರಲ್ಲದವರಲ್ಲಿ ತಮ್ಮ ಊರಿನವರೇ ಇದ್ದಾರೆ ಅನ್ನುವ ಸುದ್ದಿ ಮುಟ್ಲಿಲ್ಲ, ಇದಕ್ಕಿಂತ ದೊಡ್ಡ ಸಾಕ್ಷಿ ನನ್ನ ವಾದಕ್ಕೆ ಬೇಡ. ಸುದ್ದಿಯಾಗಿ ಬರುವ ಪುಸ್ತಕದಲ್ಲಿ ದೊಡ್ಡ ದೊಡ್ಡ ವಿಷಯ ಮಾತ್ರ ಇರ್ತದೆ. ನಮಗೆ ಬೇಕಾದದ್ದು ಸಣ್ಣದರಲ್ಲಿ ಇರ್ತದೆ.

(ನಾಟಕ ನೋಡಿದವರನ್ನು ನಾನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ. ರಂಗಾಯಣದವರು ಬಸವಲಿಂಗಯ್ಯನವರ ನಿರ್ದೇಶನದಲ್ಲಿ ಇದನ್ನು ರಾತ್ರಿ ಇಡೀ, ಒಂಬತ್ತು ಗಂಟೆ ಆಡಿದ್ರು. ಒಂಬತ್ತು ಗಂಟೆ ಬಯಲಲ್ಲಿ ಚಳಿಗೆ ಕೂತವರು ಓದಿದವರಿಗಿಂತ ಕಡಿಮೆ ಎಂತ ಇಲ್ಲ.)

ಅಜ್ಜಿಯ ಎಡಿಶನ್

ನಮ್ಮ ಕುಟುಂಬದಲ್ಲಿ ಯಾರನ್ನು ಕೇಳಿದ್ರೂ 'ಮರಳಿ ಮಣ್ಣಿಗೆ' ನಮ್ಮ ಮನೆ ಪುಸ್ತಕ ಅಂತಾರೆ. ಕಾರಣ ಉಂಟು. ಅಮ್ಮನ ತವರುಮನೆ ಸಾಲಿಗ್ರಾಮದ ಹತ್ರ, ಕಾರಂತರು ಹುಟ್ಟಿದ ಕೋಟ ಪಕ್ಕದಲ್ಲೇ, ಕಾದಂಬರಿಯ ಕೋಡಿ ಅನ್ನುವ ಊರೂ ಅಲ್ಲೇ, ಒಂದು ಕಡೆ ಕಡಲು ಒಂದು ಕಡೆ ಹೊಳೆ. ರಜೆಯಲ್ಲಿ, ಮಳೆಗಾಲದಲ್ಲಿ, ಹೋದಾಗೆಲ್ಲ ದೊಡ್ಡಮಾವ ಜಗಲಿಯಲ್ಲಿ ಕೂತು ಅದನ್ನು ಗಟ್ಟಿಯಾಗಿ ಓದ್ತಿದ್ರು. ಮೇಷ್ಟ್ರಾಗಿದ್ದವರು, ಸ್ವರ ದೊಡ್ಡದು, ಮಾಡಿನಿಂದ ನೀರು ಧೋ ಅಂತ ಬೀಳ್ತಿದ್ರೂ ಕೇಳ್ತಿತ್ತು. ಅಜ್ಜಿಗೆ ಅಕ್ಷರ ಬರ್ತಿರ್ಲಿಲ್ಲ. ಅವಳು ಕಾಲು ನೀಡಿ ಕೂತು ಮಡಲಿನ ಗರಿ ಸೀಳಿ ಹಿಡಿಸೂಡಿಗೆ ಕಡ್ಡಿ ತೆಗೀತಾ ಕೇಳ್ತಿದ್ಲು. ಸುಮ್ಮನೆ ಕೇಳುವ ಜಾತಿ ಅಲ್ಲ. ರಾಮ ಐತಾಳರು ಪೌರೋಹಿತ್ಯಕ್ಕೆ ಅಂತ ಹೊರಟು ಯಾರ ಮನೆಯಲ್ಲೋ ಊಟ ಮುಗಿಸಿ ಬರುವುದು, ಮನೆಯಲ್ಲಿ ಹೆಂಡತಿ ಪಾರೋತಿ, ವಿಧವೆ ತಂಗಿ ಸರಸೋತಿ ಇಬ್ಬರೂ ಗದ್ದೆ ಕೊಟ್ಟಿಗೆ ಅಂತ ಸಾಯುವಷ್ಟು ದುಡಿಯುವುದು, ಆ ಭಾಗ ಬಂದ್ರೆ ಕತ್ತಿ ಕೆಳಗಿಟ್ಟು "ಆ ಹೆಂಗ್ಸ್ರ್ ಇಬ್ರೂ ಇಲ್ದಿರೆ ಐತಾಳ್ರ್ ಗಂಜಿಗೂ ಗತಿ ಇಲ್ಲೆ" ಅಂತ ತೀರ್ಪು ಕೊಡ್ತಿದ್ಲು. ಐತಾಳರು ಮಕ್ಕಳಿಲ್ಲ ಅಂತ ಇನ್ನೊಂದು ಮದುವೆ ಆಗುವ ಜಾಗ ಬಂದಾಗ ಮಾತ್ರ ಒಂದು ಶಬ್ದ ಇಲ್ಲ. ಕತ್ತಿಯ ಸದ್ದು ಮಾತ್ರ ಜೋರಾಗ್ತಿತ್ತು.

ಮುಖ್ಯ ವಿಷಯ ಅದಲ್ಲ. ಎರಡನೇ ಹೆಂಡತಿ ಸತ್ಯಭಾಮೆಯ ಮಗ ಲಚ್ಚ ಉಂಟಲ್ಲ, ಓದ್ಲಿಕ್ಕೆ ಅಂತ ಪೇಟೆಗೆ ಹೋಗಿ ಹಾಳಾಗಿ, ಮನೆ ಹಾಳು ಮಾಡಿ, ಹೆಂಡತಿ ನಾಗವೇಣಿಯ ಬದುಕನ್ನೂ ಹಾಳು ಮಾಡುವವನು, ಅವನ ಸುದ್ದಿ ಅಜ್ಜಿಗೆ ಆಗುವುದೇ ಇಲ್ಲ. "ಆ ಮಾಣಿ ಸುದ್ದಿ ಬ್ಯಾಡ, ಹಾರ್ಸ್" ಅಂತ ಆರ್ಡರು. ದೊಡ್ಡಮಾವ ನಿಜಕ್ಕೂ ಪುಟ ಹಾರಿಸ್ತಿದ್ರು! ಮೊದಮೊದಲು "ಅಮ್ಮ, ಅದಿಲ್ದಿರೆ ಕಥೆ ಅರ್ಥ ಆತಿಲ್ಲೆ" ಅಂತ ವಾದ ಮಾಡಿದ್ರಂತೆ, ಆಮೇಲೆ ಬಿಟ್ರು. ಲಚ್ಚನ ಪುಟಗಳು ಬಂದ್ರೆ ಹೆಬ್ಬೆರಳು ತನ್ನಷ್ಟಕ್ಕೇ ನಾಲ್ಕೈದು ಹಾಳೆ ಒಟ್ಟಿಗೆ ಮಗುಚ್ತಿತ್ತು. ಹಾಗಾಗಿ ನಮ್ಮ ಮನೆಯಲ್ಲಿ ಇದ್ದದ್ದು ಲಚ್ಚ ಹೆಚ್ಚುಕಡಿಮೆ ಇಲ್ಲದ 'ಮರಳಿ ಮಣ್ಣಿಗೆ', ಹೆಂಗಸರು ದುಡೀತಾರೆ, ಹೊಳೆ ನೆರೆ ಬರ್ತದೆ, ಕಡಲು ಮೊರೀತದೆ, ಶೀನಮಯ್ಯರ ಮಕ್ಕಳು ಬೆಂಗಳೂರಿಗೆ ಹೋಗಿ ಹೋಟೆಲು ಇಡ್ತಾರೆ, ನಾಗವೇಣಿ ಪಿಟೀಲು ಬಾರಿಸ್ತಾಳೆ, ಮೊಮ್ಮಗ ರಾಮ ಊರೂರು ಅಲೆದು ಕೊನೆಗೆ ಮಣ್ಣಿಗೇ ಬರ್ತಾನೆ. ನಡುವಿನ ತಲೆಮಾರು ಮಾಯ.

ಅಜ್ಜಿ ಹೋದ್ಲು, ದೊಡ್ಡಮಾವನೂ ಹೋದ್ರು. ಈಗ ನಮ್ಮ ಕಸಿನ್‌ಗಳೆಲ್ಲ ಬೆಂಗಳೂರು, ಪುಣೆ, ದುಬೈ. ಮದುವೆ ಮುಂಜಿಯಲ್ಲಿ ಸೇರಿದಾಗ ಕಾರಂತರ ಮಾತು ಬಂದ್ರೆ ಎಲ್ಲರೂ ಎದೆ ಉಬ್ಬಿಸಿ "ನಮ್ಮ ಮನೆಯಲ್ಲಿ ಪಾರಾಯಣ ಮಾಡ್ತಿದ್ರು" ಅಂತಾರೆ. ಒಬ್ಬನೂ ಪುಸ್ತಕ ಬಿಡಿಸಿದ್ದಿಲ್ಲ, ಯಾಕಂದ್ರೆ ಬಾಲ್ಯದಲ್ಲೇ ಕೇಳಿ ಗೊತ್ತುಂಟು. ನಾನು ದೊಡ್ಡವಳಾದ ಮೇಲೆ ಒಂದು ಸಲ ಪೂರ್ತಿ ಓದಿದೆ. ಲಚ್ಚ ಎಷ್ಟು ಜಾಗ ತಗೊಳ್ತಾನೆ ಅಂತ ಆಗ ಗೊತ್ತಾಯ್ತು. ಅವನಿಲ್ಲದೆ ನಾಗವೇಣಿಯ ಪಿಟೀಲು ಬರೀ ಸಂಗೀತ, ಅವನಿದ್ರೆ ಆ ಪಿಟೀಲಿನಲ್ಲಿ ಬೇರೆಯೇ ಒಂದು ಕೇಳ್ತದೆ. ರಾಮ ಮರಳಿ ಬರುವುದಕ್ಕೂ ಬೆಲೆ ಬರುವುದು ಅಪ್ಪ ಎಲ್ಲಿಗೆ ಹೋಗಿ ಮುಟ್ಟಿದ ಅಂತ ಗೊತ್ತಿದ್ರೆ ಮಾತ್ರ. ಇದನ್ನು ಕಸಿನ್ ಒಬ್ಬನಿಗೆ ಫೋನಿನಲ್ಲಿ ಹೇಳಿದೆ, ಬೆಂಗಳೂರಿನಲ್ಲಿ ಹೋಟೆಲು ಇಟ್ಟವನು. ಅವನು "ಲಚ್ಚ ಯಾರು?" ಅಂದ.

ಆದ್ರೆ ಒಂದು ಮಾತು ಹೇಳ್ಬೇಕು, ಅಜ್ಜಿಯನ್ನು ನಾನು ಓದದವರ ಪಟ್ಟಿಗೆ ಸೇರಿಸುವುದೇ ಇಲ್ಲ. ಅವಳು ಆ ಪುಸ್ತಕದ ಜೊತೆ ಜಗಳ ಆಡಿದ್ಲು, ಬೇಡದ್ದನ್ನು ಕಿತ್ತು ಹಾಕಿದ್ಲು, ಐತಾಳರನ್ನು ಪಕ್ಕದ ಮನೆಯವರ ಹಾಗೆ ಬೈದ್ಲು. ಆ ಲಚ್ಚನಂಥ ಮಾಣಿ ಅವಳ ತವರಲ್ಲೇ ಒಬ್ಬ ಇದ್ದ ಅಂತ ಅಮ್ಮ ಬಹಳ ವರ್ಷದ ಮೇಲೆ ಹೇಳಿದ್ರು. ಅಂದ್ರೆ ಅವಳು ಹಾರಿಸಿದ್ದು ಅರ್ಥ ಆಗದೆ ಅಲ್ಲ, ತುಂಬಾ ಅರ್ಥ ಆಗಿ. ಬೆಂಗಳೂರು ದುಬೈಯ ನಮ್ಮ ತಲೆಮಾರು ಹಾರಿಸಿದ್ದು ಹಾಗಲ್ಲ.

ಕೇಳಿ ಬಲ್ಲವರು

ಕರಾವಳಿಯಲ್ಲಿ ಈ ವಿಷಯ ಸ್ವಲ್ಪ ಸಂಕೀರ್ಣ, ಯಾಕಂದ್ರೆ ಇಲ್ಲಿ ಓದದೇ ಗೊತ್ತಿರುವುದಕ್ಕೆ ಒಂದು ದೊಡ್ಡ, ಮರ್ಯಾದಸ್ಥ ವ್ಯವಸ್ಥೆಯೇ ಉಂಟು. ಕೃಷ್ಣಸಂಧಾನ, ಕರ್ಣಪರ್ವ, ಗದಾಯುದ್ಧ, ವಾಲಿವಧೆ. ರಾತ್ರಿ ನಿದ್ದೆಗೆಟ್ಟು ಆಟ ನೋಡಿದವರು, ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ತಾಳಮದ್ದಳೆಯಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆ ಕೇಳಿ ತಲೆದೂಗಿದವರು, ಅವರ ಬಳಿ ಮಹಾಭಾರತದ ಬಗ್ಗೆ ವಾದಕ್ಕೆ ಹೋಗ್ಬೇಡಿ, ಸೋಲ್ತೀರಿ. ಬಸ್ಸಿನ ಕಂಡಕ್ಟರು, ಮೀನು ಮಾರ್ಕೆಟಿನ ಲೆಕ್ಕ ಬರೆಯುವವರು, ದರ್ಜಿಗಳು, ಎಲ್ಲರೂ ಕರ್ಣನ ಪರವಾಗಿ ಅರ್ಧ ಗಂಟೆ ಮಾತಾಡ್ತಾರೆ. ಇದನ್ನು ನಾನು ಯಾವ ಲೈಬ್ರರಿಗಿಂತಲೂ ಕಡಿಮೆ ಅಂತ ಹೇಳುವುದಿಲ್ಲ.

ಆದ್ರೆ ಪ್ರಸಂಗಕ್ಕೂ ಅದರದ್ದೇ ಆಯ್ಕೆ ಉಂಟು. ರಂಗದಲ್ಲಿ ನಿಲ್ಲುವುದು ಜಗಳ, ವೀರ, ಸಾವು, ವಾದ. ಮಹಾಭಾರತದ ಹದಿನೆಂಟು ಪರ್ವದಲ್ಲಿ ಎಲ್ಲಕ್ಕಿಂತ ದೊಡ್ಡದು ಶಾಂತಿಪರ್ವ. ಶಾಂತಿಪರ್ವದ ಆಟ ಯಾರಾದ್ರೂ ನೋಡಿದ್ದೀರಾ? ಗೆದ್ದ ಮೇಲೆ ಧರ್ಮರಾಯ ನನಗೆ ರಾಜ್ಯ ಬೇಡ ಅಂತ ಅಳುವುದು, ಶರಶಯ್ಯೆಯಲ್ಲಿ ಮಲಗಿದ ಭೀಷ್ಮ ಮುಗಿಯದ ಪಾಠ ಹೇಳುವುದು, ಅದಕ್ಕೆ ಚೆಂಡೆ ಬಾರಿಸುವುದು ಹೇಗೆ? ನಮ್ಮ ಕುಮಾರವ್ಯಾಸನೂ ಗದಾಪರ್ವದವರೆಗೆ ಹತ್ತು ಪರ್ವ ಹೇಳಿ ನಿಲ್ಲಿಸಿದ. ಹಾಗಾಗಿ ಕನ್ನಡದವರ ಕಿವಿಯಲ್ಲಿ ಭಾರತ ಅಂದ್ರೆ ದುರ್ಯೋಧನ ಬಿದ್ದಲ್ಲಿಗೆ ಬಂದ್. ಗೆದ್ದವರಿಗೆ ಎಂತ ಆಯ್ತು ಅನ್ನುವುದು ಕೇಳಿ ಬರುವುದಿಲ್ಲ, ಅದಕ್ಕೆ ಪುಸ್ತಕ ಬಿಡಿಸ್ಬೇಕು. ಬಿಡಿಸೋಣ ಅಂದ್ರೆ ಮನೆಯಲ್ಲಿ ಮಹಾಭಾರತ ಇಟ್ರೆ ಜಗಳ ಆಗ್ತದೆ ಅಂತ ಒಂದು ನಂಬಿಕೆ ಬೇರೆ. (ಜಗಳ ನಮ್ಮ ಮನೆಯಲ್ಲಿ ಪುಸ್ತಕ ಬರುವ ಮೊದಲೂ ಇತ್ತು.)

ಶೇಕಡಾ ಆರು ಚಿಲ್ಲರೆ

ಇದು ನಮ್ಮದು ಮಾತ್ರ ಖಾಯಿಲೆ ಅಲ್ಲ ಅಂತ ಸಮಾಧಾನ. 2014ರಲ್ಲಿ ಅಮೆರಿಕದ ಗಣಿತಜ್ಞ ಜೋರ್ಡನ್ ಎಲೆನ್‌ಬರ್ಗ್ ಒಂದು ತಮಾಷೆ ಲೆಕ್ಕ ಹಾಕಿದ್ರು. ಕಿಂಡಲ್‌ನಲ್ಲಿ ಒಂದು ಪುಸ್ತಕದಲ್ಲಿ ಓದುಗರು ಜಾಸ್ತಿ ಗೆರೆ ಎಳೆದ ಸಾಲುಗಳು ಯಾವ ಪುಟದಲ್ಲಿವೆ ಅಂತ ನೋಡುವುದು, ಎಲ್ಲವೂ ಮೊದಲ ಅಧ್ಯಾಯದಲ್ಲೇ ಇದ್ರೆ ಜನ ಅಲ್ಲಿಂದ ಮುಂದೆ ಹೋಗ್ಲಿಲ್ಲ ಅಂತ ಅರ್ಥ. 1988ರಿಂದ ಲೋಕದ ಎಲ್ಲಾ ಶೋಕೇಸಿನಲ್ಲೂ ಕೂತಿರುವ ಸ್ಟೀಫನ್ ಹಾಕಿಂಗ್ ಅವರ 'ಎ ಬ್ರೀಫ್ ಹಿಸ್ಟರಿ ಆಫ್ ಟೈಮ್' ಪುಸ್ತಕಕ್ಕೆ 6.6 ಶೇಕಡಾ ಬಂತು, ಅಂದ್ರೆ ಗೆರೆ ಎಳೆದ ಸಾಲುಗಳು ಸರಾಸರಿ ಪುಸ್ತಕದ ಅಷ್ಟು ಭಾಗದಲ್ಲೇ ಇದ್ದವು, ಅವರ ಹೆಸರನ್ನೇ ಆ ಸೂಚ್ಯಂಕಕ್ಕೂ ಇಟ್ರು. ಆ ವರ್ಷ ಎಲ್ಲರೂ ಮಾತಾಡಿದ ಅರ್ಥಶಾಸ್ತ್ರಜ್ಞ ಥಾಮಸ್ ಪಿಕೆಟ್ಟಿ ಬಂಡವಾಳದ ಬಗ್ಗೆ ಬರೆದ ಪುಸ್ತಕಕ್ಕೆ 2.4. ವಿಜ್ಞಾನದ ಲೆಕ್ಕ ಅಂತ ಇದನ್ನು ಅವರೂ ಹೇಳ್ಲಿಲ್ಲ, ಆದ್ರೆ ನಮಗೆ ಕಿಂಡಲ್ ಕೂಡ ಬೇಡ. ಕರಾವಳಿಯ ಹವೆಯಲ್ಲಿ ಓದದ ಪುಸ್ತಕ ತಾನಾಗಿ ಹೇಳಿಕೊಡ್ತದೆ, ಮೂರು ಮಳೆಗಾಲ ಮುಟ್ಟದೇ ಇಟ್ರೆ ರಟ್ಟಿನ ಮೇಲೆ ಬೂಷ್ಟು ಬರ್ತದೆ, ಹಾಳೆ ಹಾಳೆಗೆ ಅಂಟ್ತದೆ.

ಎಲ್ಲಾ ದೊಡ್ಡ ಪುಸ್ತಕವನ್ನೂ ಮೊದಲಿಂದ ಕೊನೆತನಕ ಓದ್ಲೇಬೇಕು ಅಂತಲೂ ನನ್ನ ಹಠ ಇಲ್ಲ. 1894ರಲ್ಲಿ ಮಂಗಳೂರಿನಲ್ಲೇ ಅಚ್ಚಾದ ಕಿಟೆಲ್ ಅವರ ನಿಘಂಟು, ಎಪ್ಪತ್ತು ಸಾವಿರದಷ್ಟು ಪದ, ಅದನ್ನು ಯಾರಾದ್ರೂ ಪೂರ್ತಿ ಓದಿದೆ ಅಂದ್ರೆ ನಾನು ಸ್ವಲ್ಪ ದೂರ ಕೂರ್ತೇನೆ. ಹಾಕಿಂಗ್ ನನಗೆ ಆಗುವುದಿಲ್ಲ, ಪ್ರಯತ್ನವೂ ಮಾಡುವುದಿಲ್ಲ, ಹಾಗಂತ ಗೊತ್ತುಂಟು ಅಂತಲೂ ಹೇಳುವುದಿಲ್ಲ. ನನ್ನ ತಕರಾರು ಓದದೇ ಇರುವುದರ ಬಗ್ಗೆ ಅಲ್ಲವೇ ಅಲ್ಲ. ಗೊತ್ತಿಲ್ಲ ಅಂತ ಹೇಳ್ಲಿಕ್ಕೆ ಜಾಗವೇ ಇಲ್ಲದ ಹಾಗೆ ನಾವು ಕೆಲವು ಪುಸ್ತಕಗಳನ್ನು ಎತ್ತಿ ಮೇಲಿಟ್ಟಿದ್ದೇವಲ್ಲ, ಅದರ ಬಗ್ಗೆ. 'ಮೂಕಜ್ಜಿಯ ಕನಸುಗಳು' ಓದಿಲ್ಲ ಅಂತ ಉಡುಪಿಯಲ್ಲಿ ಒಂದು ಸಭೆಯಲ್ಲಿ ನಿಂತು ಹೇಳಿ ನೋಡಿ. ಜ್ಞಾನಪೀಠ ಬಂದ ಪುಸ್ತಕ ಮಾರಾಯ್ರೆ, ಮುಟ್ಟಿದ ವಸ್ತುವಿನ ಹಿಂದಿನದ್ದೆಲ್ಲ ಕಾಣುವ ಅಜ್ಜಿ, 2019ರಲ್ಲಿ ಸಿನಿಮಾವೂ ಆಯ್ತಲ್ಲ, ಅಂತ ಹತ್ತು ಜನ ಕಥೆ ಹೇಳಿ ಮುಗಿಸ್ತಾರೆ. ಹೇಳಿದ ಹತ್ತರಲ್ಲಿ ಎಷ್ಟು ಜನ ಓದಿದ್ದಾರೆ ಅಂತ ಕೇಳಬಾರದು, ಊಟ ಹಾಳಾಗ್ತದೆ. ಆ ಅಜ್ಜಿ ದೇವರ ಬಗ್ಗೆ, ಗಂಡು ಹೆಣ್ಣಿನ ಬಗ್ಗೆ ಮೊಮ್ಮಗ ಸುಬ್ರಾಯನ ಹತ್ರ ಎಷ್ಟು ಬಿಚ್ಚಿ ಮಾತಾಡ್ತಾಳೆ ಅಂತ ನಿಜಕ್ಕೂ ಓದಿದ್ರೆ ಅದೇ ಸಭೆಯಲ್ಲಿ ಅರ್ಧ ಜನ ಎದ್ದು ಹೋಗ್ತಾರೋ ಏನೋ. ಸನ್ಮಾನ ಮಾಡಿ ಶಾಲು ಹೊದಿಸಿ ಕೂರಿಸಿದ್ರೆ ಯಾವ ಅಜ್ಜಿಯ ಮಾತನ್ನೂ ಕೇಳುವ ಅಗತ್ಯ ಬರುವುದಿಲ್ಲ.

ನಕುಲನ ಶಂಖ

ಉಡುಪಿಯ ಕುಂಜಿಬೆಟ್ಟಿನಲ್ಲಿ ನನ್ನ ಚಿಕ್ಕಮ್ಮ ಇದ್ದಾರೆ. 2024ರಲ್ಲಿ ಪುತ್ತಿಗೆ ಮಠದ ಪರ್ಯಾಯ, ಅಂದ್ರೆ ಉಡುಪಿ ಕೃಷ್ಣನ ಪೂಜೆಯ ಸರದಿ, ಶುರುವಾದ ಮೇಲೆ ಕೋಟಿ ಗೀತಾ ಲೇಖನ ಯಜ್ಞ ಅಂತ ಆಯ್ತಲ್ಲ, ಭಗವದ್ಗೀತೆಯನ್ನು ಕೈಯಲ್ಲಿ ಬರೆಯುವುದು, ಚಿಕ್ಕಮ್ಮ ಅದಕ್ಕೆ ಸೇರಿದ್ರು. ಗೀತೆ ಅಂದ್ರೆ ಗೊತ್ತಲ್ಲ, ಇರದ ಮನೆ ಇಲ್ಲ, ಓದಿದ ಮನೆ ಹುಡುಕ್ಬೇಕು. ಮದುವೆಗೆ ಉಡುಗೊರೆ ಬಂದದ್ದು, ರಿಟೈರ್‌ಮೆಂಟಿಗೆ ಬಂದದ್ದು, ಪ್ಲಾಸ್ಟಿಕ್ ಕವರಿನಿಂದ ಹೊರಗೆ ಬಾರದ್ದು. ಬರೆಯುವುದೂ ಹಾಗೇ, ಕೈ ಬರೀತದೆ ತಲೆ ಎಲ್ಲೋ ಇರ್ತದೆ ಅಂತ ನಾನು ಮನಸ್ಸಿನಲ್ಲೇ ಅಂದುಕೊಂಡಿದ್ದೆ.

ಹೋದಾಗ ಡೈನಿಂಗ್ ಟೇಬಲ್ಲಿನಲ್ಲಿ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಬರೀತಿದ್ರು, ಪಕ್ಕದಲ್ಲಿ ಕುಕ್ಕರು ಕೂಗ್ತಾ ಉಂಟು, ಅದರ ಸೀಟಿ ಲೆಕ್ಕವೂ ಅವರದ್ದೇ. ಮೊದಲನೇ ಅಧ್ಯಾಯ. ನನ್ನನ್ನು ಕಂಡದ್ದೇ ಪೆನ್ನು ಎತ್ತಿ, "ಹ್ವಾಯ್, ನಕುಲನ ಶಂಖಕ್ಕೆ ಹೆಸ್ರ್ ಇತ್ತ್, ಗೊತ್ತಿತ್ತಾ ನಿಂಗೆ?" ಅಂದ್ರು. ನನಗೆ ಕೃಷ್ಣನ ಪಾಂಚಜನ್ಯ ಗೊತ್ತುಂಟು, ಅರ್ಜುನನ ದೇವದತ್ತ ಗೊತ್ತುಂಟು, ಅದು ಯಕ್ಷಗಾನ ನೋಡುವ ಎಲ್ಲರಿಗೂ ಗೊತ್ತಿರ್ತದೆ. ಭೀಮನದ್ದು ಪೌಂಡ್ರ, ಧರ್ಮರಾಯನದ್ದು ಅನಂತವಿಜಯ. ನಕುಲನದ್ದು ಸುಘೋಷ, ಸಹದೇವನದ್ದು ಮಣಿಪುಷ್ಪಕ. "ಇಡೀ ಭಾರತದಂಗೆ ಇಬ್ರಿಗೂ ಮಾತೇ ಇಲ್ಲೆ, ಅಣ್ಣಂದಿರ ಹಿಂದೆ ನಿಲ್ಲುದೇ ಆಯ್ತ್, ಶಂಖ ಕಾಣ್, ಎಷ್ಟ್ ಚೆಂದದ ಹೆಸ್ರ್" ಅಂತ ಅವರಿಗೆ ಖುಷಿಯೋ ಖುಷಿ, ಸ್ವಂತ ಮೈದುನರಿಗೆ ಪ್ರಮೋಶನ್ ಸಿಕ್ಕಿದ ಹಾಗೆ. ಕೈಯಲ್ಲಿ ಬರೆಯುವಾಗ ಅಕ್ಷರ ಹಾರಿಸ್ಲಿಕ್ಕೆ ಆಗುವುದಿಲ್ಲ, ಪ್ರತಿಯೊಂದು ಹೆಸರಿನಲ್ಲೂ ನಿಲ್ಲಲೇಬೇಕು, ಹಾಗಾಗಿ ಅವರು ನಿಂತ್ರು, ನಿಂತದ್ದಕ್ಕೆ ಸಿಕ್ಕಿತು. ನಾನು ಅಲ್ಲಿ ಕೂತಿದ್ದಷ್ಟು ಹೊತ್ತೂ ಪ್ರಶ್ನೆ. ಯುದ್ಧ ಶುರುವಾಗುವ ಮೊದಲು ಇಷ್ಟು ಜನರ ಹೆಸರು ಯಾಕೆ ಹೇಳುವುದು, ಸಾಯುವವರು ಅಂತಲಾ? ದುರ್ಯೋಧನ ದ್ರೋಣರ ಹತ್ರ ಹೋಗಿ ನಿಮ್ಮ ಶಿಷ್ಯನೇ ಎದುರು ಸೈನ್ಯ ನಿಲ್ಲಿಸಿದ್ದಾನೆ ನೋಡಿ ಅಂತ ಚುಚ್ಚುವುದಲ್ವಾ ಇದು? ನನ್ನ ಹತ್ರ ಉತ್ತರ ಇರ್ಲಿಲ್ಲ.

ಚಿಕ್ಕಪ್ಪ ಈಸಿಚೇರಿನಲ್ಲಿ ಪೇಪರು ಹಿಡ್ಕೊಂಡು ಎಲ್ಲಾ ಕೇಳ್ತಿದ್ರು. ತಾಳಮದ್ದಳೆಯ ಹುಚ್ಚು ಅವರಿಗೆ ಶಾಲೆಯ ದಿನದಿಂದ, ರಥಬೀದಿಯಲ್ಲಿ ಯಾವ ಕೂಟ ಇದ್ರೂ ಮುಂದಿನ ಸಾಲು. ಚಿಕ್ಕಮ್ಮ ಬೇಕಂತಲೇ ಆ ಕಡೆ ತಿರುಗಿ, "ನಿಮ್ಗ್ ಗೊತ್ತಿತ್ತಾ, ಮಣಿಪುಷ್ಪಕ?" ಅಂತ ಕೇಳಿದ್ರು. ಚಿಕ್ಕಪ್ಪ ಪೇಪರು ಮಡಚಿ, ಕನ್ನಡಕ ತೆಗೆದು, ತುಂಬಾ ಅಸಮಾಧಾನದಲ್ಲಿ ಅಂದ್ರು, "ಅದ್ ಪ್ರಸಂಗದಂಗೆ ಬತ್ತಿಲ್ಲೆ ಮಾರಾಯ್ತಿ, ಮತ್ತೆ ಹ್ಯಾಂಗ್ ಗೊತ್ತಾಪ್ದ್?"